ಕಟ್ಟೆಯ ಮೇಲೆ ನಿಂತ ಮಾತು

ನಮ್ಮೂರಿನಲ್ಲಿ ಮನೆಯಿಂದ ಹೊರಡುವಾಗ ಯಾರೂ "ಬರತೀನಿ" ಅನ್ನುವುದಿಲ್ಲ. "ಹೊಂಟೆ" ಅಂದು ಹೊರಟುಬಿಡುತ್ತೇವೆ. ಬೇರೆ ಊರಿಂದ ಸೊಸೆಯಾಗಿ ಬಂದವರಿಗೆ ಮೊದಮೊದಲು ಇದು ಅಪಶಕುನದ ಹಾಗೆ ಕೇಳಿಸಿ ಎದೆ ಝಲ್ಲೆನ್ನುತ್ತದೆ, ಆಮೇಲೆ ರೂಢಿಯಾಗುತ್ತದೆ. ಮುಂದೆ ಮಾಡುತ್ತೇನೆ ಎಂದು ಇನ್ನೊಬ್ಬರಿಗೆ ಹೇಳಿದ ಮಾತು ನಮ್ಮಲ್ಲಿ ಹೇಳಿದ ಜಾಗದಲ್ಲೇ ನಿಂತುಬಿಡುತ್ತದೆ. ಹೇಳಿದವರ ದನಿಯಲ್ಲೇ, ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿರುವಂತೆ, ಮತ್ತೆ ಮತ್ತೆ ಕೇಳಿಸುತ್ತದೆ. ಕೆಲಸ ಆದ ಕೂಡಲೇ ಸುಮ್ಮನಾಗುತ್ತದೆ. ಆಗಲಿಲ್ಲವೆಂದರೆ, ಮಾತು ಯಾರಿಗೆ ಕೊಟ್ಟದ್ದೋ ಅವರೇ ಅಲ್ಲಿಗೆ ಬಂದು "ಬಿಟ್ಟೆ" ಅನ್ನಬೇಕು. ಹಾಗಾಗಿ ನಮ್ಮ ದರ್ಜಿ "ನಾಳೆ ಕೊಡತೀನಿ" ಅನ್ನುವುದಿಲ್ಲ, "ಹೊಲಿದ ಮ್ಯಾಲ ನಿಮ್ದ" ಅನ್ನುತ್ತಾನೆ. ಬೀಗರು ಮದುವೆಯ ಮಾತುಕತೆಗೆ ಗಡಿಕಲ್ಲು ದಾಟಿ ಹೋಗಿ ಬಯಲಿನಲ್ಲಿ ಕಂಬಳಿ ಹಾಸಿಕೊಂಡು ಕೂರುತ್ತಾರೆ. ಹಠ ಮಾಡುವ ಮಕ್ಕಳಿಗೆ ಕಾಲು ಮುರಿಯುತ್ತೇನೆ ಎಂದು ತಾಯಂದಿರು ಗದರಿಸುವುದಿಲ್ಲ. ಬೆನ್ನಿಗೆ ಒಂದು ಕೊಟ್ಟು ಸುಮ್ಮನಾಗುತ್ತಾರೆ.

ನನ್ನ ಹೆಸರು ಶಿವಗಂಗವ್ವ. ನಮ್ಮದು ಎಣ್ಣೆಯ ಗಾಣ. ಊರಸಭೆಯಲ್ಲಿ ನಾನು ಹಳೇ ಕಡೆಯವರ ಮುಂದಾಳು. ಅಜ್ಜ ಮುತ್ತಜ್ಜ ಕಟ್ಟಿಟ್ಟದ್ದಕ್ಕೆ ಕೈಹಚ್ಚುವ ಮೊದಲು ನಾಲ್ಕು ಸಲ ಯೋಚಿಸಬೇಕು ಎನ್ನುವವರು ನಾವು. ನಮ್ಮ ಎದುರಿಗೆ ಹೊಸ ಕಡೆಯವರು. ಅವರ ನಾಯಕ ಇಂದುಧರ ಮಾಸ್ತರ, ಆಗ ಊರಿನ ಅಧ್ಯಕ್ಷ.

ಮಾಸ್ತರ ಒಳ್ಳೆಯ ಮನುಷ್ಯ. ಇದನ್ನು ಎದುರು ಪಕ್ಷದವಳಾಗಿ ಹೇಳುತ್ತಿದ್ದೇನೆ. ಕೆರೆಯ ದಕ್ಷಿಣದ ಮೆಟ್ಟಿಲುಗಳನ್ನು ಎಲ್ಲ ಕೇರಿಯವರಿಗೂ ತೆರೆದವನು ಅವನೇ. ನಾನು ವಿರೋಧಿಸಿದ್ದೆ, ನನ್ನದು ತಪ್ಪಾಗಿತ್ತು. ಹೆಂಗಸರಿಗೆ ಮಧ್ಯಾಹ್ನದ ಶಾಲೆ ಇಟ್ಟ. ಹಗಲಿನ ಶಾಲೆಗೆ ದೀಪದ ಎಣ್ಣೆ ಬೇಕಿರಲಿಲ್ಲ, ಆದರೂ ನಾನೇ ಕುಸುಬೆ ಎಣ್ಣೆಯ ಒಗ್ಗರಣೆ ಹಾಕಿದ ಮಂಡಕ್ಕಿ ಕಳಿಸುತ್ತಿದ್ದೆ. ಗೋಮಾಳವನ್ನು ತುಂಡು ಮಾಡಿ ಹೊರಗಿನಿಂದ ಬಂದವರಿಗೆ ಮನೆ ಕಟ್ಟಲು ಹಂಚಿದ. ಅದು ತಪ್ಪು ಎಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಹುಲ್ಲು ಕಡಿಮೆಯಾದದ್ದರಿಂದಲೇ ನಮ್ಮ ಕುರಿಗಾಹಿಗಳು ಬೇಸಿಗೆ ಬಂದರೆ ಮೊದಲಿಗಿಂತ ಮೇಲಕ್ಕೆ, ಕಣಿವೆ ದಾಟಿ ಹೋಗಬೇಕಾಯಿತು. ಕಣಿವೆಯ ಬಾಯಲ್ಲಿ ಮೇಲಿನೂರಿನವರ ಕಾವಲು ಠಾಣೆ ಇತ್ತು. ತಮ್ಮ ಹುಲ್ಲು ಮೇಯ್ದವೆಂದು ಅವರು ಕುರಿಗಳನ್ನು ಹಿಡಿದಿಟ್ಟುಕೊಳ್ಳತೊಡಗಿದರು.

ಮೊದಲು ಹಿಡಿದದ್ದು ಲಗಮವ್ವನ ಹಿಂಡಿನ ಕೆಲವು ಕುರಿಗಳನ್ನು. ಅವಳೂ ಅವಳ ಗಂಡ ಮಾಳಿಂಗನೂ ಊರಿಗೆಲ್ಲ ಕಂಬಳಿಯ ಉಣ್ಣೆ ಕೊಡುವವರು. ಲಗಮವ್ವ ಬಂದು ಸಂತೆಕಟ್ಟೆಯ ಕೆಳಗೆ ನಿಂತು ಅತ್ತಳು. ಆ ಹೊತ್ತಿಗೆ ಊರಿನಲ್ಲಿ ಮಾಸ್ತರನಿಗೆ ಮೆತ್ತಗಿನವನು ಎಂಬ ಹೆಸರು ಬಿದ್ದಿತ್ತು. ನಮ್ಮ ಕಡೆಯ ವಿರೂಪಣ್ಣ, ಕಾಳಿನ ಅಡತಿ ಅಂಗಡಿ ಇಟ್ಟುಕೊಂಡವನು, "ಬೆಣ್ಣಿಯಂಥಾ ಅಧ್ಯಕ್ಷ, ಬಿಸಲಿಗೆ ಇಟ್ಟರ ಕರಗತಾನ" ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅಂದು ಮಾಸ್ತರ ಕಟ್ಟೆ ಹತ್ತಿದಾಗ ಅವನ ನಡಿಗೆಯೇ ಬೇರೆಯಾಗಿತ್ತು. ಅಂಗಿಯ ತೋಳು ಮೇಲೇರಿಸಿದ. ಮೂಗಿನ ಮೇಲಿನ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಕನ್ನಡಕವಿಲ್ಲದೆ ಅವನಿಗೆ ಎದುರಿಗಿದ್ದ ಜನ ಸರಿಯಾಗಿ ಕಾಣಿಸುತ್ತಿರಲಿಲ್ಲ. ಎಲ್ಲಿಂದಲೋ ಎರವಲು ತಂದ ದಪ್ಪ ದನಿಯಲ್ಲಿ ಹೇಳಿದ:

"ಲಗಮವ್ವಾ, ನಿನ್ನ ಕುರಿಗೆ ಅವರು ಇನ್ನೊಮ್ಮೆ ಕೈ ಹಚ್ಚಲಿ, ಆ ಠಾಣೆ ಸುಟ್ಟು ಬೂದಿ ಮಾಡತೀನಿ."

ಜನ ಎದ್ದು ನಿಂತರು. ಸೀಟಿ, ಕೇಕೆ, ತಲೆಯ ರುಮಾಲುಗಳು ಮೇಲಕ್ಕೆ. ಮಧ್ಯಾಹ್ನದ ಶಾಲೆಯ ಹೆಂಗಸರು ಕೂಡ ಚಪ್ಪಾಳೆ ತಟ್ಟಿದರು. ನಮ್ಮ ವಿರೂಪಣ್ಣನ ಮುಖ ಸಣ್ಣದಾಯಿತು. ತಾನು ಆಡಬೇಕಾದ ಮಾತನ್ನು ಇವನು ಕದ್ದನಲ್ಲ ಎಂಬಂತೆ. ನನಗೆ ನನ್ನ ಅಪ್ಪನ ನೆನಪಾಯಿತು. ಅವನು ಬಹಳ ಕಾಲ ಅಧ್ಯಕ್ಷನಾಗಿದ್ದ. ಆ ಕಟ್ಟೆಯ ಮೇಲೆ ಅವನ ಒಂದೇ ಒಂದು ಮಾತೂ ನಿಂತಿರಲಿಲ್ಲ. ಅವನು ಹೇಳುತ್ತಿದ್ದುದೇ ಕಡಿಮೆ. ಮಾಡಿ ಬಂದ ಮೇಲೆ ಹೇಳುತ್ತಿದ್ದ, ಅದೂ ಕೇಳಿದರೆ.

ಸಭೆ ಮುಗಿದು ಜನ ಚದುರಿದರು. ಮಾತು ಉಳಿಯಿತು. ಸೊಪ್ಪಿನವರು, ಬಳೆಯವರು ಎಂದಿನಂತೆ ಕಟ್ಟೆಯ ಸುತ್ತ ಕೂತರೆ ಅವರ ತಲೆಯ ಮೇಲೆ ಮಾಸ್ತರನ ದನಿ, ಸುಟ್ಟು ಬೂದಿ ಮಾಡತೀನಿ, ಸುಟ್ಟು ಬೂದಿ ಮಾಡತೀನಿ. ಮೊದಮೊದಲು ಜನ ಅದನ್ನು ಕೇಳುವುದಕ್ಕೆಂದೇ ಬರುತ್ತಿದ್ದರು, ಮೈಯಲ್ಲಿ ಬಿಸಿ ಏರಿಸಿಕೊಂಡು ಹೋಗುತ್ತಿದ್ದರು. ಎಳೆಗೂಸಿನ ತಾಯಂದಿರು ಬಳಸುದಾರಿ ಹಿಡಿದರು. ಮೇಲಿನೂರಿನವರು ಮತ್ತೆ ಕುರಿ ಹಿಡಿದರು. ಮಾಸ್ತರ ಠಾಣೆ ಸುಡಲಿಲ್ಲ. ಮತ್ತೆ ಕಟ್ಟೆ ಹತ್ತಿದ. "ಲಗಮವ್ವಾ, ಅಲ್ಲಿದ್ದವರ ಎಲುಬು ಒಂದೊಂದ ಎಣಸತೀನಿ" ಎಂದ. ಈಗ ಎರಡು ಮಾತು, ಒಂದರ ಮೇಲೊಂದು, ಜಗಳಕ್ಕೆ ನಿಂತ ಅವಳಿಗಳ ಹಾಗೆ. ಬಳೆಗಾರ್ತಿಯರು ಗಂಟು ಕಟ್ಟಿಕೊಂಡು ಗುಡಿಯ ಹಿಂದಕ್ಕೆ ಹೋದರು.

ಊರಸಭೆಯಲ್ಲಿ ನಾನು ಎದ್ದು ಕೇಳಿದೆ. "ಮಾಸ್ತರ, ಸುಡಂಗಿದ್ದರ ಸುಡ್ರಿ. ಸುಡಲಾರದಿದ್ದರ ಅನಬ್ಯಾಡ್ರಿ. ಎರಡರಾಗ ಒಂದ."

"ಅಕ್ಕಾರ, ಅದು ಹೆದರಸಾಕ ಅಂದಿದ್ದು. ಖರೇನ ಸುಡತಾರೇನು?"

"ಹೆದರಿದವರು ಯಾರು? ಸಂತ್ಯಾಗಿನ ಬಳಿಗಾರ್ತಿಯರು."

ಅವನ ಕಡೆಯವರು ಗದ್ದಲ ಎಬ್ಬಿಸಿದರು. ಮೊದಲು ಮೆತ್ತಗಾದ ಎಂದಿರಿ, ಈಗ ಬಿರುಸಾದ ಎನ್ನುತ್ತೀರಿ, ನಿಮಗೆ ಏನು ಮಾಡಿದರೂ ತಪ್ಪೇ ಎಂದರು. ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಮಾಸ್ತರ ಕೈಯೆತ್ತಿ ಅವರನ್ನು ಸುಮ್ಮನಿರಿಸಿ, ನನಗೊಬ್ಬಳಿಗೇ ಹೇಳುವಂತೆ ಹೇಳಿದ: "ಮಂದಿಗೆ ಧೈರ್ಯ ಬ್ಯಾಡೇನ್ರಿ ಅಕ್ಕಾರ? ಆ ಮಾತು ಕೇಳಿ ಅವರ ಎದಿ ಗಟ್ಟಿ ಆಗೇತಿ."

ಆ ಧೈರ್ಯ ಕಟ್ಟಿಕೊಂಡು ಹೊರಟವನು ಮಾಳಿಂಗ. ಅವನು ಹುಷಾರಿನ ಮನುಷ್ಯ. ಮೊದಲ ಸಲ ಕುರಿ ಕಳೆದುಕೊಂಡ ಮೇಲೆ ಠಾಣೆಯ ಕಣ್ಣು ತಪ್ಪಿಸಿ ಜಾಲಿ ಮುಳ್ಳಿನ ಇಳಿಜಾರಿನಲ್ಲಿ ಸುತ್ತು ಹಾಕಿಕೊಂಡು ಹೋಗುವುದು ಅವನ ಪದ್ಧತಿ. ಕುರಿಗಳ ಉಣ್ಣೆ ಮುಳ್ಳಿಗೆ ಸಿಕ್ಕಿ ಹಾಳಾಗುತ್ತಿತ್ತು, ಆದರೆ ಕುರಿ ಉಳಿಯುತ್ತಿದ್ದವು. ಈ ಸಲ ಅವನು ನೆಟ್ಟಗಿನ ದಾರಿ ಹಿಡಿದ. "ಅಧ್ಯಕ್ಷರ ಮಾತು ನಿಂತೈತಲ್ಲ, ಯಾಕ ಕದ್ದು ಹೋಗಬೇಕು?" ಎಂದು ಜೊತೆಗಾರರಿಗೆ ಹೇಳಿದನಂತೆ. ಠಾಣೆಯವರು ಉಳಿದ ಹಿಂಡನ್ನೂ ಹಿಡಿದರು, ಅವನನ್ನೂ ಹಿಡಿದರು.

ಸುದ್ದಿ ಬಂದ ದಿನ ಊರು ಕುದಿಯಿತು. ಹೊಸ ಕಡೆಯವರು ತಲೆ ತಗ್ಗಿಸಿಕೊಂಡು ಕೂತರು. ನಮ್ಮ ಕಡೆಯವರೇ ಎದ್ದರು. ವಿರೂಪಣ್ಣ ತನ್ನ ಅಂಗಡಿಯ ಮುಂದೆ ಪಂಜು ಕಟ್ಟಿಸುತ್ತಿದ್ದ; ಗೋಣಿತಟ್ಟು, ಬಿದಿರ ಗಳ, ಬಡಿಗೆ. ನನ್ನನ್ನು ಕಂಡು ಹಲ್ಲು ಬಿಟ್ಟ.

"ಎಣ್ಣಿ ನಿಮ್ಮ ಗಾಣದಿಂದ ಬರಬೇಕಕ್ಕಾ. ಈಗ ಮಾಸ್ತರನ್ನ ಮುಂದ ಮಾಡಿ ಠಾಣೆ ಸುಡಸೂಣು. ಸುಟ್ಟರ ನಮ್ಮ ಒತ್ತಾಯದಿಂದ ಸುಟ್ಟ ಅಂತಾರ. ಸುಡದಿದ್ದರ ಚುನಾವಣ್ಯಾಗ ಅವನ ಕಥಿ ಮುಗೀತು."

"ಮಾಳಿಂಗ ಒಳಗ ಅದಾನೋ."

"ನೀವ ಅಂದೀರಲ್ಲಕ್ಕಾ, ಸುಡಂಗಿದ್ದರ ಸುಡ್ರಿ ಅಂತ."

ನಾನು ಅಂದದ್ದು ನಿಜ. ಮಾತಿಗೆ ಬೆಲೆ ಇರಲಿ ಎಂದು ಅಂದಿದ್ದೆ. ಅದು ಇವನ ಬಾಯಲ್ಲಿ ಬೆಂಕಿ ಹಚ್ಚಲು ಅಪ್ಪಣೆಯಾಗಿತ್ತು. ಎಣ್ಣೆ ಕೊಡುವುದಿಲ್ಲ ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವೂ ಮೆತ್ತಗಾದ್ರಿ ಬಿಡ್ರಿ" ಎಂದ.

ಅದೇ ಮಧ್ಯಾಹ್ನ ಮಾಸ್ತರ ನಮ್ಮ ಗಾಣಕ್ಕೆ ಬಂದ. ಎತ್ತು ಸುತ್ತುತ್ತಿತ್ತು. ಹಿಂಡಿಯ ಚೀಲದ ಮೇಲೆ ಕೂತ. ಲಗಮವ್ವನ ಹತ್ತಿರ ಹೋಗಿ ಮಾತು ಬಿಡಿಸಿಕೊಳ್ಳಬೇಕು, ಜೊತೆಗೆ ಬನ್ನಿ ಎಂದು ಕೇಳಿದ. ಅವನ ಕಡೆಯವರು ಬೇಡವೆಂದಿದ್ದರು. ಮಾತು ಹಿಂದಕ್ಕೆ ತಗೊಂಡ ಅಧ್ಯಕ್ಷನನ್ನು ಯಾರೂ ಮತ್ತೆ ಆರಿಸುವುದಿಲ್ಲ ಎಂದಿದ್ದರು.

"ನಾ ಯಾಕ್ರಿ? ನಿಮ್ಮವರು ಯಾರೂ ಇಲ್ಲೇನು?"

"ಒಬ್ಬನ ಹೋದರ ಅಲ್ಲೆ ಅತ್ತಗಿತ್ತೇನು ಅಂತ ಹೆದರಿಕಿ ಅಕ್ಕಾರ. ನೀವಿದ್ದರ ಅಳೂದಿಲ್ಲ."

ಲಗಮವ್ವ ಗುಡಿಸಿಲ ಮುಂದೆ ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದಳು. ನಾವು ಬಂದರೂ ಕೈ ನಿಲ್ಲಿಸಲಿಲ್ಲ. ಮಾಸ್ತರ ನಿಂತುಕೊಂಡೇ ಹೇಳಿದ: "ಯವ್ವಾ, ಠಾಣೆ ಸುಡೂದು ನನ್ನ ಕೈಲೆ ಆಗೂದಿಲ್ಲ. ಆಗತಿರಲೂ ಇಲ್ಲ. ನನ್ನ ಮಾತು ಬಿಡು."

"ಬಿಡೂದಿಲ್ಲ" ಎಂದಳು. ದನಿ ಏರಿಸಲಿಲ್ಲ. "ನಮ್ಮವ ಈ ಮಾತ ನಂಬಿ ಹ್ವಾದ. ಮುಳ್ಳಿನ ದಾರಿ ಬಿಟ್ಟು ಹ್ವಾದ. ಇದನ್ನೂ ಬಿಟ್ಟರ ನನ್ನ ಕೈಯಾಗ ಏನ ಉಳೀತ್ರಿ? ಅವನ್ನ ಕರಕೊಂಡ ಬರ್ರಿ. ಆಮ್ಯಾಲ ನಿಮ್ಮ ಮಾತ ನೀವ ಒಯ್ರಿ."

ಮಾಸ್ತರ ಅಳಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಅವಳ ಮುಖವನ್ನು ನೋಡಿದ. ಆಮೇಲೆ ನಾವಿಬ್ಬರೂ ನೇರ ಕಣಿವೆಯ ದಾರಿ ಹಿಡಿದೆವು. ಗಡಿಕಲ್ಲು ದಾಟಿದ ಮೇಲೆ ಏನು ಬೇಕಾದರೂ ಮಾತಾಡಬಹುದು. ಅಲ್ಲಿ ಮಾತು ಎಲ್ಲ ಊರುಗಳ ಮಾತಿನ ಹಾಗೆ ಗಾಳಿಗೆ ಹೋಗುತ್ತದೆ. ನಮ್ಮೂರಿನವರು ಅಲ್ಲಿಗೆ ಬಂದ ಕೂಡಲೇ ವಾಚಾಳಿಗಳಾಗುತ್ತಾರೆ. ಅವನು ಮಾತ್ರ ತುಟಿ ಬಿಚ್ಚಲಿಲ್ಲ.

ಠಾಣೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೆಸರು ಕೇಳಿ ಕೋಟೆಯೇ ಇರಬೇಕು ಅಂದುಕೊಂಡಿದ್ದೆ. ನಾಲ್ಕು ಕಲ್ಲಿನ ಗೋಡೆ, ಮೇಲೆ ಒಣಗಿದ ಬಾದೆ ಹುಲ್ಲಿನ ಚಾವಣಿ. ಒಂದು ಕಿಡಿ ಸಾಕಿತ್ತು. ಚಾವಣಿಯ ಅಂಚಿಗೆ ಸುತ್ತಲೂ ನೀರು ತುಂಬಿದ ಗಡಿಗೆಗಳನ್ನು ಇಟ್ಟಿದ್ದರು. ಠಾಣೆಯ ಹಿರಿಯ, ಸೋಮನಿಂಗ ಎಂಬ ಮುದುಕ, ನಮ್ಮನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟ. ಮಾಳಿಂಗ ಹಿಂದಿನ ಅಂಗಳದಲ್ಲಿ ಕತ್ತಾಳೆಯ ಹಗ್ಗ ಹೊಸೆಯುತ್ತಿದ್ದ. ಗಡ್ಡ ಬೆಳೆದಿತ್ತು, ಹೊಡೆದ ಗುರುತಿರಲಿಲ್ಲ. ಮಾಸ್ತರನನ್ನು ಕಂಡದ್ದೇ ಅವನ ಮುಖ ಅರಳಿತು, ನಮ್ಮ ಹಿಂದೆ ಬೇರೆ ಯಾರೂ ಇಲ್ಲವೆಂದು ಕಂಡ ಮೇಲೆ ಹಗ್ಗದ ಕಡೆ ತಿರುಗಿತು.

"ಸುಡತೀನಿ ಅಂದವರು ನೀವೇನ್ರಿ?" ಸೋಮನಿಂಗ ಕೇಳಿದ.

"ಹೌದು" ಎಂದ ಮಾಸ್ತರ.

"ಮೊದಲ ಸಲ ಕೇಳಿದಾಗ ನಾವು ಖರೇನ ಹೆದರಿದ್ವಿ. ಈ ಗಡಿಗಿ ಎಲ್ಲಾ ಆವಾಗಿಟ್ಟದ್ದು. ಎರಡನೇ ಸಲ ನಮ್ಮ ಹುಡುಗರು ಅದನ್ನ ಆಟ ಮಾಡಕೊಂಡ್ರು. ಒಬ್ಬ ಅಧ್ಯಕ್ಷ, ಉಳಿದವರು ಎಲುಬು. ಆದರ ನನಗ ವಯಸ್ಸಾಗೇತಿ, ಹುಲ್ಲಿನ ಮನ್ಯಾಗ ಮಲಗತೀನಿ. ನಿಮ್ಮೂರಾಗ ಮಾತು ನಿಂತರ ಆಗೂತನಕ ಬಿಡೂದಿಲ್ಲಂತ. ಅದಕ್ಕ ಇವನ್ನ ಹಿಡದೀವಿ. ಒಳಗ ನಿಮ್ಮವ ಇದ್ದರ ಬೆಂಕಿ ಹಚ್ಚೂದಿಲ್ಲ ಅಂತ. ಮಾತು ಇಳೀಲಿ, ಇವನ್ನ ಬಿಡತೀವಿ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಗಂಡ ಬಂದರೆ ಮಾತು ಬಿಡುತ್ತೇನೆಂದು ಅಲ್ಲಿ ಅವಳು. ಮಾತು ಬಿಟ್ಟರೆ ಗಂಡನನ್ನು ಕಳಿಸುತ್ತೇನೆಂದು ಇಲ್ಲಿ ಇವನು. ಇಬ್ಬರದೂ ನ್ಯಾಯವೇ. ಮಾಸ್ತರನ ಕಡೆ ನೋಡಿದೆ. ಅವನು ಈಗ ತೋಳೇರಿಸಿ ಏನಾದರೂ ಅಂದುಬಿಡುತ್ತಾನೆ ಎಂದು ಹೆದರಿಕೆಯಾಯಿತು. ಆಗ ಅವನು ಚಪ್ಪಲಿಯನ್ನು ಗೋಡೆಗೆ ಒರಗಿಸಿಟ್ಟು, ಅಂಗಳಕ್ಕೆ ಹೋಗಿ, ಮಾಳಿಂಗನ ಪಕ್ಕ ಕೂತು, ಅವನ ಕೈಯಿಂದ ಕತ್ತಾಳೆಯ ನಾರು ತೆಗೆದುಕೊಂಡ.

"ಇವನ್ನ ಅಕ್ಕಾರ ಜೋಡಿ ಕಳಸ್ರಿ. ನಾ ಕುಂತೀನಿ."

"ಯಾವತ್ತಿನ ತನಕ?"

"ಮಾತು ಇಳಿಯೂತನಕ."

ಸೋಮನಿಂಗ ಗಡ್ಡ ಕೆರೆದುಕೊಂಡ. "ಸುಡಾವ ತಾನ ಒಳಗ ಕುಂತ ಮ್ಯಾಲ ಸುಡಾವರು ಯಾರು?" ಎಂದು ತನಗೆ ತಾನೇ ಹೇಳಿಕೊಂಡು ತಲೆಯಾಡಿಸಿದ. ಕುರಿಗಳ ಮಾತು ಬೇರೆ, ಅದು ಹುಲ್ಲಿನ ಲೆಕ್ಕ, ಆಮೇಲೆ ನೋಡೋಣ ಎಂದ. ನಾನೂ ಆ ಗಳಿಗೆಯಲ್ಲಿ ಕುರಿಗಳ ಬಗ್ಗೆ ಯೋಚಿಸಲಿಲ್ಲ.

ಇಳಿಯುವಾಗ ಮಾಳಿಂಗ ಅರ್ಧ ದಾರಿಯವರೆಗೆ ನನ್ನ ಹಿಂದೆ ನಡೆದು ಬಂದ. ಆಮೇಲೆ, "ಅಧ್ಯಕ್ಷರು ಮಂದಿ ಕಟಗೊಂಡು ಬರತಾರ ಅಂತ ಅವರಿಗೆ ದಿನಾ ಹೇಳತಿದ್ದೆ. ಅವರು ನಗತಿದ್ದರು" ಎಂದ. ಸ್ವಲ್ಪ ದೂರ ಹೋಗಿ, "ಒಬ್ಬರ ಬಂದರು" ಎಂದ. ಅದು ದೂರೋ ಮೆಚ್ಚಿಗೆಯೋ ನನಗೆ ತಿಳಿಯಲಿಲ್ಲ. ಕೇಳಲಿಲ್ಲ.

ಲಗಮವ್ವ ಗಂಡನ ಮೈ ಕೈ ಮುಟ್ಟಿ ನೋಡಿದಳು. ಅವನನ್ನು ಒಳಗೆ ಕೂರಿಸಿ ರೊಟ್ಟಿ ಕೊಟ್ಟು, ತಾನೊಬ್ಬಳೇ ಸಂತೆಕಟ್ಟೆಗೆ ನಡೆದಳು. ಕಟ್ಟೆಯ ಕಲ್ಲಿಗೆ ಕೈ ಇಟ್ಟು "ಬಿಟ್ಟೆ" ಎಂದಳು. ಇನ್ನೊಮ್ಮೆ "ಬಿಟ್ಟೆ". ಅಷ್ಟು ದಿನ ಕಿವಿಗೆ ಅಂಟಿಕೊಂಡಿದ್ದ ಆ ದನಿ ಹೋಯಿತು. ಬೀದಿಯ ಆಚೆ ಯಾರೋ ತೊಗರಿ ಕೇರುವ ಸದ್ದು ಕೇಳಿಸಿತು. ಬಳೆಗಾರ್ತಿಯೊಬ್ಬಳು ಗುಡಿಯ ಹಿಂದಿನಿಂದ ಇಣುಕಿ ನೋಡಿದಳು. ಸೇರಿದ್ದ ಜನರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಏನೋ ಕಳೆದುಕೊಂಡವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿದರು. "ಮುಗೀತು ಮಾಸ್ತರನ ಗಂಡಸತನ" ಎಂದು ಹಿಂದಿನಿಂದ ಯಾರೋ ಅಂದರು, ಮಾಸ್ತರನ ಕಡೆಯವನೇ.

ಮಾಳಿಂಗನಿಂದ ವಿಷಯ ತಿಳಿದುಕೊಂಡಿದ್ದ ವಿರೂಪಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಮಾತು ಇಳಿದದ್ದು ಮ್ಯಾಲಿನವರಿಗೆ ಗೊತ್ತಿಲ್ಲಲ್ಲ? ನಾವ್ಯಾಕ ಅವಸರ ಮಾಡೂದು? ಚುನಾವಣಿ ಮುಗೀತನಕ ಅಲ್ಲೇ ಹಗ್ಗಾ ಹೊಸೀಲಿ. ಅಧ್ಯಕ್ಷ ಊರ ಬಿಟ್ಟು ಓಡಿ ಹ್ವಾದ ಅಂದರಾತು."

ನಾನು ಹಳೇ ಕಡೆಯವಳು. ನಮ್ಮಲ್ಲಿ ಉಳಿಸಿಕೊಳ್ಳಬೇಕಾದ್ದು ಏನೆಂದು ಯಾರಾದರೂ ಕೇಳಿದರೆ ಗೋಮಾಳ, ಕೆರೆ, ಹಬ್ಬ ಎಂದು ಹೇಳುತ್ತ ಬಂದಿದ್ದೆ. ಆವತ್ತು ವಿರೂಪಣ್ಣನ ಮುಖ ನೋಡುತ್ತ, ಇದೂ ನಮ್ಮ ಕಡೆಯದೇ ಏನು ಎಂದು ನಾಚಿಕೆಯಾಯಿತು. ಕಾಲಿನ ಧೂಳು ಕೂಡ ತೊಳೆಯದೆ ಮತ್ತೆ ಕಣಿವೆಯ ದಾರಿ ಹತ್ತಿದೆ.

ಸೋಮನಿಂಗ ನನ್ನ ಮಾತು ನಂಬಿದ. ಗಡಿಗೆಗಳನ್ನು ಇಳಿಸಿ ನೀರನ್ನು ದನಗಳ ಬಾನಿಗೆ ಸುರಿಸಿದ. ಮಾಸ್ತರ ಹೊಸೆದ ಹಗ್ಗ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಠಾಣೆಯವರು ಅದನ್ನು ಎಳೆದೆಳೆದು ತೋರಿಸಿ ನಕ್ಕರು. ಅವನೂ ನಕ್ಕ. ಇಳಿಯುವಾಗ ಒಂದು ಬಂಡೆಯ ನೆರಳಿನಲ್ಲಿ ಕೂತೆವು.

"ನಿಮ್ಮವರ ನನ್ನ ಹಂಗ ಮಾಡಿದ್ದು ಅಕ್ಕಾರ" ಎಂದ. ಸಿಟ್ಟಿರಲಿಲ್ಲ. "ಬೆಣ್ಣಿ ಬೆಣ್ಣಿ ಅಂದು ಅಂದು. ಮನ್ಯಾಗ ಕನ್ನಡಿ ಮುಂದ ನಿಂತು ಆ ದನಿ ಕಲತೆ."

"ನಾವು ಅಂದರ ನೀವು ಹಂಗ ಆಗಬೇಕಿತ್ತೇನ್ರಿ?" ನನಗೆ ನಿಜವಾಗಿ ಸಿಟ್ಟು ಬಂದಿತ್ತು. "ಕೆರಿ ಮೆಟ್ಟಲಾ ತೆರದ್ರಿ, ನಾ ಅಡ್ಡ ನಿಂತೆ. ನನಗ ಅಂಜಿದ್ರೇನು? ಗೋಮಾಳ ಹಂಚಿದ್ರಿ, ಎಷ್ಟ ಬೈದೆ. ಕೇಳಿದ್ರೇನು? ತಪ್ಪೋ ಸರಿಯೋ, ಅವು ನಿಮ್ಮವು. ನಿಮ್ಮ ಜೋಡಿ ಜಗಳಾಡಾಕ ನನಗ ಬರತಿತ್ತು. ಈ ಸುಡತೀನಿ ಕಡೀತೀನಿ ಅನ್ನಾವ ಯಾರೋ. ಅವನ ಜೋಡಿ ಏನಂತ ಜಗಳಾಡ್ಲಿ?"

ಅವನು ಕನ್ನಡಕ ಒರೆಸಿಕೊಂಡ. "ಚಪ್ಪಾಳಿ ಭಾಳ ರುಚಿ ಇರತಾವ್ರಿ ಅಕ್ಕಾರ" ಎಂದಷ್ಟೇ ಹೇಳಿ ಎದ್ದ.

ಚುನಾವಣೆಯ ಸಭೆ ಅದೇ ಕಟ್ಟೆಯ ಮೇಲೆ ನಡೆಯಿತು. ಅವನೂ ನಾನೂ ಎದುರಾಳಿಗಳು. ಮೊದಲು ಅವನು ಮಾತಾಡಿದ, ಕನ್ನಡಕ ಹಾಕಿಕೊಂಡೇ, ತನ್ನ ತೆಳು ದನಿಯಲ್ಲಿ: ಶಾಲೆ, ಮೆಟ್ಟಿಲು, ಹೊರಗಿನಿಂದ ಬಂದವರ ಮನೆಗಳು. ಮಧ್ಯದಲ್ಲಿ ಯಾರೋ ಕೂಗಿದರು, "ಠಾಣೆ ಏನಾತು?"

"ಸುಡಲಿಲ್ಲ" ಎಂದ. ಮುಂದೆ ಏನೂ ಹೇಳಲಿಲ್ಲ. ಜನ ನಕ್ಕರು, ಕೆಲವರು ಥೂ ಎಂದರು. ಅವನು ಅಲ್ಲಿ ಕೂತಿದ್ದ ವಿಷಯ ಊರಿನಲ್ಲಿ ನಮ್ಮ ನಾಲ್ಕೈದು ಮಂದಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ವಿರೂಪಣ್ಣ ನನ್ನ ಕಡೆ ನೋಡಿ ತುಟಿಗೆ ಬೆರಳಿಟ್ಟ.

ನನ್ನ ಸರದಿ ಬಂದಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಮಾಳಿಂಗ ಹೇಗೆ ಬಂದ, ಅವನ ಜಾಗದಲ್ಲಿ ಯಾರು ಕೂತಿದ್ದರು, ಹಗ್ಗ ಎಷ್ಟು ಕೆಟ್ಟದಾಗಿತ್ತು. "ಇವರು ಅಂಜುಬುರುಕ ಅಲ್ಲ. ಅವರ ದೊಡ್ಡ ಮಾತಿಗೆ ನಾ ಬೈದೆ, ಬೈದದ್ದು ತಪ್ಪಲ್ಲ. ಅವರ ಬಾಯಿ ಮುಚ್ಚಿದಾಗ ಮಾಡಿದ ಕೆಲಸ ಮಾತ್ರ ಯಾರೂ ಮಾಡಿರಲಿಲ್ಲ" ಎಂದೆ. ಆಮೇಲೆ, "ಆದರೂ ನನಗ ಓಟ ಹಾಕ್ರಿ. ಗೋಮಾಳ ಹಂಚಿದ್ದು ತಪ್ಪು" ಎಂದೆ. ಊರು ಗೊಳ್ಳೆಂದು ನಕ್ಕಿತು. ಮಾಸ್ತರನೂ ನಕ್ಕ.

ನಗು ಇಳಿಯುವ ಹೊತ್ತಿಗೆ ಲಗಮವ್ವ ಎದ್ದಳು. "ಇಬ್ಬರೂ ಚಲೋ ಮಾತಾಡಿದ್ರಿ. ನಮ್ಮ ಕುರಿ?"

ಮಾಸ್ತರ ಬಾಯಿ ತೆರೆದ. ಒಂದು ವಾಕ್ಯ ಅವನ ಗಂಟಲಿನವರೆಗೆ ಬಂದದ್ದು ನನಗೆ ಕಾಣಿಸಿತು. ಜನರೂ ಕಂಡರು, ಕತ್ತು ಮುಂದೆ ಚಾಚಿದರು. ಅವನು ಅದನ್ನು ನುಂಗಿದ. ಕಟ್ಟೆ ಇಳಿದು, ಧೋತರದ ಚುಂಗು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಜನರ ನಡುವಿನಿಂದ ಕಣಿವೆಗೆ ಹೋಗುವ ಬಡಗಣ ದಾರಿಗೆ ನಡೆದ. ಸಭೆ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಕಟ್ಟೆಯ ಮೇಲೆ ನಾನೊಬ್ಬಳೇ ಉಳಿದೆ. ಕೆಳಗೆ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ವಿರೂಪಣ್ಣ ಎರಡೂ ಕೈಯಲ್ಲಿ ಸನ್ನೆ ಮಾಡುತ್ತಿದ್ದ: ಅನ್ರಿ, ಈಗ ಅನ್ರಿ, ಒಂದ ಮಾತು. ಅಂದರೆ ಸಾಕಿತ್ತು, ಊರು ನನ್ನದು. ನನ್ನ ಬಾಯಲ್ಲೂ ಒಂದು ಮಾತು ಬಂತು, ಬಿಸಿಯಾಗಿ, ಬೆಲ್ಲದ ಹಾಗೆ ನಾಲಿಗೆಗೆ ಅಂಟಿಕೊಂಡು. ಅದನ್ನು ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ಮಾಸ್ತರನಿಗೆ ಚೌಕಾಸಿ ಬರುವುದಿಲ್ಲ. ಸೋಮನಿಂಗ ಅರ್ಧ ಹಿಂಡು ಹುಲ್ಲಿನ ಲೆಕ್ಕಕ್ಕೆ ಮುರಿದುಕೊಂಡರೂ ಸರಿ ಎಂದು ನಗುತ್ತ ಇಳಿದುಬರುತ್ತಾನೆ. ನಾನು ಕಟ್ಟೆ ಇಳಿದು ಚಪ್ಪಲಿ ಹುಡುಕಿದೆ. ಒಂದು ಸಿಕ್ಕಿತು, ಇನ್ನೊಂದನ್ನು ಯಾರೋ ಗದ್ದಲದಲ್ಲಿ ತುಳಿದು ಎಲ್ಲೋ ಸರಿಸಿದ್ದರು. ಅದನ್ನು ಅಲ್ಲೇ ಬಿಟ್ಟು, ಬರಿಗಾಲಿನಲ್ಲಿ ಜನರನ್ನು ಸರಿಸಿಕೊಂಡು ದಾರಿಗೆ ಬಂದೆ. ಅವನು ಆಗಲೇ ಬೇಲಿಯ ತಿರುವು ಮುಟ್ಟಿದ್ದ.

"ಮಾಸ್ತರ, ನಿಂದರ್ರಿ" ಎಂದು ಕೂಗಿದೆ.